ಅಪ್ಪನ ಮೌನ, ನನ್ನ ಬಾಯಿ

ನಮ್ಮ ಅಪ್ಪ ದೊಡ್ಡ ಶಿವಭಕ್ತ ಎಂದು ಊರೆಲ್ಲ ಹೇಳುತ್ತಿತ್ತು. ಮನೆಯೊಳಗೆ ಮಾತ್ರ ಆ ಮಾತನ್ನು ಆಯಿಯೊಬ್ಬಳನ್ನು ಬಿಟ್ಟು ಇನ್ನಾರೂ ಹೇಳಿದ್ದು ನನಗೆ ನೆನಪಿಲ್ಲ. ಆಯಿ ಅಂದರೆ ಅಪ್ಪನ ತಾಯಿ. ಮಗ ಕೆಮ್ಮಿದರೂ ಅದರಲ್ಲಿ ಶಿವನಾಮ ಕೇಳಿಸಿಕೊಳ್ಳುತ್ತಿದ್ದ ಮುದುಕಿ. ಊರವರು ಅಪ್ಪನನ್ನು ಹೆಸರು ಹಿಡಿದು ಕರೆಯುವುದನ್ನು ಎಂದೋ ಬಿಟ್ಟು 'ಶರಣರು' ಎನ್ನತೊಡಗಿದ್ದರು. ಈಗಲೂ ನಾನು ನವಲಗುಂದದ ಕಡೆ ಮದುವೆಗೋ ತೊಟ್ಟಿಲಿಗೋ ಹೋದರೆ ಯಾರಾದರೊಬ್ಬ ಹಿರಿಯರು ನನ್ನ ಗುರುತು ಹಿಡಿದು ಕೈ ಹಿಡಿದುಕೊಳ್ಳುತ್ತಾರೆ.

"ನೀ ಶರಣರ ಮಗಳಲ್ಲೇನವಾ? ಸಂಸಾರಾನೂ ಮಾಡಿದ್ರು, ಸಾಧನಾನೂ ಮಾಡಿದ್ರು. ಎರಡನ್ನೂ ಹೆಂಗ ತೂಗಿಸಿದ್ರೋ ಪುಣ್ಯಾತ್ಮ."

ನಾನು ನಗುತ್ತೇನೆ. ಹೇಗೆ ತೂಗಿಸಿದನೆಂದು ನನಗೆ ಚೆನ್ನಾಗಿ ಗೊತ್ತು. ಸಾಧನೆ ಅವನು ಮಾಡಿದ, ಸಂಸಾರ ನಮ್ಮವ್ವ ಮಾಡಿದಳು, ಹೆಸರು ಎರಡಕ್ಕೂ ಸೇರಿ ಅವನಿಗೇ ಬಂತು. ಇಷ್ಟನ್ನು ಮದುವೆ ಮನೆಯಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವವರು ಮುಂದೆ ಓದದಿದ್ದರೆ ನನ್ನ ಅಭ್ಯಂತರವಿಲ್ಲ.

ನಮ್ಮದು ಕರಿನೆಲದ ಊರಿನ ಎಲ್ಲರ ಮನೆಯಂಥದೇ ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟ ಒಂದು ಗೇಣಿನ ಬೆಳಕಿಂಡಿಯಿಂದ ಬಿದ್ದ ಬೆಳಕಿನಲ್ಲೇ ಅವ್ವ ರೊಟ್ಟಿ ಬಡಿಯಬೇಕು. ಹೊಗೆ ಹೋಗುವುದೂ ಅಲ್ಲಿಂದಲೇ. ಪಡಸಾಲೆಯ ಎಡಗಡೆ ಇನ್ನೊಂದು ಕೋಣೆ ಇತ್ತು. ಮನೆಯಲ್ಲಿ ಕಿಟಕಿ ಇದ್ದದ್ದು, ನೆಲಕ್ಕೆ ಸಿಮೆಂಟು ಕಂಡದ್ದು ಅದೊಂದೇ. ಮೊದಲು ಅಲ್ಲಿ ಜೋಳದ ಚೀಲ ಇಡುತ್ತಿದ್ದರಂತೆ, ಬಾಣಂತನವನ್ನೂ ಅಲ್ಲೇ ಮಾಡುತ್ತಿದ್ದರಂತೆ. ನಾನು ಬುದ್ಧಿ ಬಲಿಯುವ ಹೊತ್ತಿಗೆ ಅದು ಪೂಜೆಯ ಕೋಣೆಯಾಗಿತ್ತು. ಜೋಳದ ಚೀಲಗಳು ಅಡುಗೆಮನೆಗೆ ಬಂದು ಗೋಡೆಗೆ ಒರಗಿದ್ದವು. ನನ್ನ ತಮ್ಮ ಹುಟ್ಟಿದ್ದು ಆ ಚೀಲಗಳ ಮಗ್ಗುಲಲ್ಲಿ, ಒಲೆಯ ಹೊಗೆಯಲ್ಲಿ. ಹೆರಿಗೆಯಾದ ಮೂರು ದಿನ ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದ, ಕೂಸಿನ ಅಳು ಏಕಾಗ್ರತೆ ಕೆಡಿಸುತ್ತದೆ ಎಂದು.

ದಿನಕ್ಕೆ ಮೂರು ಹೊತ್ತು ಲಿಂಗಪೂಜೆ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತನೆಂದರೆ ಅವನು ಏಳುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕಿಕೊಳ್ಳಬಾರದು. ಮುಂಜಾನೆಯ ಪೂಜೆ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯಲ್ಲಿ ಎರಡು ಪಾಠ ಮುಗಿದಿರುತ್ತಿದ್ದವು. ಅವ್ವ ಇದಕ್ಕೊಂದು ದಾರಿ ಹುಡುಕಿದ್ದಳು. ನನ್ನನ್ನೂ ತಮ್ಮನನ್ನೂ ದನ ಕಟ್ಟುವ ಜಾಗಕ್ಕೆ ಕರೆದೊಯ್ದು, ಎಮ್ಮೆಯ ಮರೆಯಲ್ಲಿ ಕೂಡಿಸಿ, ಸೆರಗಿನೊಳಗಿಂದ ರೊಟ್ಟಿ ಚಟ್ನಿ ತೆಗೆದು ಕೊಡುತ್ತಿದ್ದಳು.

"ಬಡಬಡ ತಿನ್ರಿ. ದೇವರ ಕಣ್ಣು ಇಲ್ಲೀತನಕ ಬರೂದಿಲ್ಲ. ನಿಮ್ಮ ಆಯಿ ಕಣ್ಣ ಬರ್ತಾವ."

ಪೂಜೆಯಲ್ಲಿ ಕೂತಾಗ ಅಪ್ಪ ಮಾತಾಡುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದ. ಒಂದು ತಟ್ಟಿದರೆ ನೀರು. ಎರಡು ತಟ್ಟಿದರೆ ಅವ್ವ ಬರಬೇಕು. ಮೂರು ತಟ್ಟಿದರೆ ಗದ್ದಲ ನಿಲ್ಲಬೇಕು, ಇಲ್ಲವಾದರೆ ಪೂಜೆ ಮುಗಿದ ಮೇಲೆ ಬೆನ್ನಿಗೆ ಬೀಳುತ್ತಿತ್ತು. ಒಮ್ಮೆ ಎಮ್ಮೆ ಹಗ್ಗ ಹರಿದುಕೊಂಡು ಪಡಸಾಲೆ ಹತ್ತಿ, ಅವ್ವ ಬಿಸಿಲಿಗೆ ಹರವಲೆಂದು ಹಸನು ಮಾಡಿಟ್ಟ ಜೋಳಕ್ಕೆ ಬಾಯಿ ಹಾಕಿತು. ಅವ್ವ ಕೆರೆಗೆ ಹೋಗಿದ್ದಳು. ಅಪ್ಪ ಬಾಗಿಲು ತೆರೆದುಕೊಂಡೇ ಕೂತಿದ್ದ, ಎಮ್ಮೆ ಅವನಿಂದ ನಾಲ್ಕು ಮಾರು ದೂರದಲ್ಲಿತ್ತು. ಅವನು ಏಳಲಿಲ್ಲ, ಚಪ್ಪಾಳೆ ತಟ್ಟಿದ. ಎಮ್ಮೆಗೆ ಚಪ್ಪಾಳೆಯ ಲೆಕ್ಕ ಗೊತ್ತಿರಲಿಲ್ಲ. ಒಮ್ಮೆ ಇವನ ಕಡೆ ನೋಡಿ ಮತ್ತೆ ಮೇಯಿತು. ಅವ್ವ ಬರುವ ಹೊತ್ತಿಗೆ ಅರ್ಧ ಜೋಳ ಹೋಗಿತ್ತು. ಅಪ್ಪ ಇನ್ನೂ ತಟ್ಟುತ್ತಲೇ ಇದ್ದ. ಅವತ್ತು ಬೈಸಿಕೊಂಡವಳು ಅವ್ವ.

ನಮ್ಮ ಊರಿನ ಬಾವಿಯ ನೀರೆಲ್ಲ ಸವುಳು. ಕುಡಿಯಲು ಊರ ಹೊರಗಿನ ಕೆರೆಯೇ ಗತಿ. ಮನೆಗೆ ದಿನಕ್ಕೆ ಎಂಟು ಕೊಡ ಬೇಕಾಗುತ್ತಿತ್ತು. ನಾಲ್ಕು ಅವ್ವ ತರುತ್ತಿದ್ದಳು, ನಾಲ್ಕು ನಾನು. ಇವಲ್ಲದೆ ಅಪ್ಪನ ಪೂಜೆಗೆ ಬೇರೆ ಒಂದು ಕೊಡ. ಅದನ್ನು ಅಗ್ಗಣಿ ಎನ್ನುತ್ತಿದ್ದೆವು. ಸೂರ್ಯ ಹುಟ್ಟುವ ಮೊದಲು ತಲೆಗೆ ನೀರು ಹಾಕಿಕೊಂಡು ಹೋಗಿ ತುಂಬಬೇಕು, ಹೋಗುವಾಗ ಬರುವಾಗ ಯಾರ ಜೊತೆಗೂ ಮಾತಾಡಬಾರದು. ಅದು ನನ್ನ ಪಾಲಿನ ಕೆಲಸ. ಚಳಿಗಾಲದ ಒಂದು ದಿನ ದಾರಿಯಲ್ಲಿ ಗೆಳತಿ ಏನೋ ಕೇಳಿದಳು, ನಾನು ಹೂಂ ಎಂದೆ. ಬಾಗಿಲಲ್ಲಿ ಆಯಿ ತಡೆದು ಯಾರನ್ನಾದರೂ ಮಾತಾಡಿಸಿದೆಯಾ ಎಂದಳು. ಆಗ ನನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತಂದ ಕೊಡ ಅಂಗಳದಲ್ಲಿ ಸುರಿದು, ಮತ್ತೆ ತಣ್ಣೀರು ಹೊಯ್ದುಕೊಂಡು ಮತ್ತೆ ಹೋದೆ. ಅಪ್ಪ ಕಿಟಕಿಯಿಂದ ನೋಡುತ್ತಿದ್ದ. ಅವನ ಮುಖದಲ್ಲಿ ಏನಾದರೂ ಇದ್ದೀತೇ ಎಂದು ಹುಡುಕಿದೆ. ಏನೂ ಇರಲಿಲ್ಲ.

ನಾನು ಏಳನೆಯ ಇಯತ್ತೆ ಪಾಸಾದ ವರ್ಷ ಕಾರಹುಣ್ಣಿಮೆಯ ಸಂಜೆ, ಅಪ್ಪ ಮನೆಯವರನ್ನೆಲ್ಲ ಪಡಸಾಲೆಗೆ ಕರೆದ. ಮರುದಿನದಿಂದ ನಾಗರ ಅಮಾವಾಸ್ಯೆಯವರೆಗೆ, ಅಂದರೆ ಒಂದೂವರೆ ತಿಂಗಳು, ಮೌನ ಅನುಷ್ಠಾನ ಹಿಡಿಯುವುದಾಗಿ ಹೇಳಿದ. ಮಠದ ಅಜ್ಜಾರ, ಅಂದರೆ ಸ್ವಾಮಿಗಳ, ಅಪ್ಪಣೆಯೂ ಆಗಿತ್ತಂತೆ. ಒಂದೇ ಹೊತ್ತು ಊಟ, ಹೊಲಕ್ಕೆ ಹೋಗುವುದಿಲ್ಲ, ಹೊರಗಿನವರು ಕೊಟ್ಟ ವಸ್ತು ಮುಟ್ಟುವುದಿಲ್ಲ. ಆಯಿ ಕೂತಲ್ಲೇ ಮಗನಿಗೆ ಕೈ ಮುಗಿದಳು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಮೊದಲ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು, ಹೆಸರು ಬಿತ್ತುವ ವಾರ ಅದು.

"ಬಿತ್ತಿಗಿ ಯಾರು ಮಾಡಬೇಕ್ರಿ?"

"ಶಿವ ಮಾಡಸ್ತಾನ."

"ಶಿವಗ ಕೂರಿಗಿ ಹಿಡಿಯಾಕ ಬರ್ತೈತೇನು?"

ಆಯಿ ಎರಡೂ ಕಿವಿ ಮುಚ್ಚಿಕೊಂಡಳು. ಅಪ್ಪ ಎದ್ದು ಕೋಣೆಗೆ ಹೋದ. ಮರುದಿನ ಅವ್ವ ಬಾಜೂ ಹೊಲದವರ ಕೈಕಾಲು ಹಿಡಿದು ಕೂರಿಗೆ ಹಿಡಿಸಿದಳು, ಹಿಂದಿನಿಂದ ತಾನೇ ಬೀಜ ಬಿಡುತ್ತ ನಡೆದಳು. ಸಂಜೆ ಬಂದು ಕಾಲಿಗೆ ಮೆತ್ತಿದ ಎರೆಮಣ್ಣನ್ನು ಕಲ್ಲಿನಿಂದ ತಿಕ್ಕಿ ತೆಗೆದು, ಮೈ ತೊಳೆದುಕೊಂಡು, ಅನುಷ್ಠಾನಕ್ಕೆ ಕೂತವನಿಗೆ ಬೇರೆ ಒಲೆಯ ಮೇಲೆ ಬೇರೆ ಅಡುಗೆ ಮಾಡಿದಳು. ತಮ್ಮ ಅವಳ ಸೀರೆ ಜಗ್ಗುತ್ತ ಅಳುತ್ತಿದ್ದ. ಕೋಣೆಯಿಂದ ಮೂರು ಚಪ್ಪಾಳೆ ಕೇಳಿಸಿದವು.

ಚಪ್ಪಾಳೆಯಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲವೆಂದು ಅಪ್ಪ ನನ್ನ ಹಳೆಯ ಪಾಟಿಯನ್ನೂ ಬಳಪವನ್ನೂ ಮೊದಲೇ ತೆಗೆದಿಟ್ಟುಕೊಂಡಿದ್ದ. ಬರೆದರೆ ಮೌನ ಮುರಿಯುವುದಿಲ್ಲವಂತೆ. ಅವನು ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದ. ಆದರೆ ಅವ್ವನಿಗಾಗಲಿ ಆಯಿಗಾಗಲಿ ಓದಲು ಬರುತ್ತಿರಲಿಲ್ಲ. ಹೀಗಾಗಿ ಅವನು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವವಳು ನಾನಾದೆ. ಎರಡು ಚಪ್ಪಾಳೆ ತಟ್ಟಿ ಪಾಟಿ ನನ್ನ ಕಡೆ ಹಿಡಿಯುವನು, ನಾನು ಓದುವೆನು, ಅವ್ವ ಓಡುವಳು. ಮೊದಲ ಎರಡು ದಿನ ನನಗೆ ಇದರಲ್ಲಿ ಭಾರಿ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ನನ್ನ ದನಿಗೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಮೂರನೆಯ ದಿನ ಅವನು ಬರೆದದ್ದನ್ನು ನಾನು ಎಂದಿನಂತೆ ಗಟ್ಟಿಯಾಗಿ ಓದಿದೆ.

"ಹೆಂಗಸಿನ ಗಂಟಲು ಹೊಸ್ತಿಲು ದಾಟಬಾರದು. ಅಡುಗೆಯಲ್ಲಿ ಭಕ್ತಿ ಇಲ್ಲ."

ಅವ್ವ ಅವತ್ತು ಹೊಲದಿಂದ ಆಗಷ್ಟೇ ಬಂದಿದ್ದಳು, ತಮ್ಮನನ್ನು ಗದರಿಸಿದ್ದು ಕೋಣೆಯವರೆಗೆ ಕೇಳಿಸಿತ್ತು. ಅವಳು ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು, ಆ ಮಾತನ್ನು ನಾನೇ ಆಡಿದ್ದೇನೆ ಎನ್ನುವ ಹಾಗೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಪ್ಪ ತನ್ನ ಬೈಗುಳವನ್ನು ನನ್ನ ಬಾಯಿಂದ ಬೈಸಿ ತಾನು ಶುದ್ಧನಾಗಿ ಕೂತಿದ್ದ. ಅವತ್ತಿನಿಂದ ನಾನು ಅಪ್ಪನನ್ನು ದ್ವೇಷಿಸತೊಡಗಿದೆ. ಈ ಶಬ್ದವನ್ನು ಬಹಳ ಯೋಚಿಸಿಯೇ ಬರೆಯುತ್ತಿದ್ದೇನೆ.

ಊರಿನ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಬಸ್ಸು ಹತ್ತಿ ನವಲಗುಂದಕ್ಕೆ ಹೋಗಬೇಕು. ನನಗೆ ಹೋಗಬೇಕಿತ್ತು. ಓದಿ ಏನಾಗಬೇಕೆಂಬ ದೊಡ್ಡ ಆಸೆಯೇನೂ ಇರಲಿಲ್ಲ, ಆ ಮನೆಯಿಂದ ದಿನಕ್ಕೆ ಎಂಟು ತಾಸು ಹೊರಗಿರಬೇಕು ಎನ್ನುವುದೇ ಆಸೆ. ಅಪ್ಪ ಮೌನ ಹಿಡಿಯುವ ಮೊದಲು ಅವ್ವ ಎರಡು ಸಲ ಕೇಳಿದ್ದಳು, ನೋಡೋಣ ಎಂದಿದ್ದ. ಅವನು ನೋಡುತ್ತಿರುವಾಗಲೇ ಹೈಸ್ಕೂಲು ಶುರುವಾಗಿತ್ತು. ಮೌನದ ಎಂಟನೆಯದೋ ಒಂಬತ್ತನೆಯದೋ ದಿನ ಮಳೆ ಹಿಡಿದು ಅವ್ವ ಮನೆಯಲ್ಲೇ ಇದ್ದಳು. ಮಧ್ಯಾಹ್ನ ನಮ್ಮ ಶಾಲೆಯ ಹೆಡ್‌ಮಾಸ್ತರು ಕೊಡೆ ಹಿಡಿದುಕೊಂಡು ಬಂದರು. ನನ್ನ ಟಿ.ಸಿ.ಯನ್ನೂ ಹೈಸ್ಕೂಲಿನ ಅರ್ಜಿಯನ್ನೂ ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದರು. ಅವ್ವ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸಿದಳು. ಅಪ್ಪ ಕೋಣೆಯೊಳಗೆ ತನ್ನ ಆಸನದ ಮೇಲೆ, ಬಾಗಿಲು ತೆರೆದುಕೊಂಡು ಕೂತಿದ್ದ. ಮಾಸ್ತರು ಅಲ್ಲಿಂದಲೇ ಅವನಿಗೆ ಕೈ ಮುಗಿದರು.

"ಶರಣರ, ತ್ರಾಸ ಕೊಡಾಕತ್ತೀನಿ, ಕ್ಷಮಾ ಮಾಡ್ರಿ. ಹೆಸರು ಹಚ್ಚಾಕ ನಾಳಿಗೆ ಕಡೀ ದಿನ ಐತ್ರಿ. ಹುಡುಗಿ ಚಲೋ ಶಾಣ್ಯಾ ಅದಾಳ. ನೀವು ಹೂಂ ಅಂದ್ರ ನಾನಽ ಮುಂಜಾನೆ ಹೋಗಿ ಹಚ್ಚಿ ಬರ್ತೀನಿ."

ಅಪ್ಪ ಪಾಟಿ ತೊಡೆಯ ಮೇಲೆ ಇಟ್ಟುಕೊಂಡು ಬಳಪ ತೆಗೆದ. ಬಳಪ ಕಿರುಗುಟ್ಟುವುದು ಕೇಳುತ್ತ ನಾನು ಹೊಸ್ತಿಲ ಬಳಿ ನಿಂತಿದ್ದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಅವನು ಬರೆದು ಮುಗಿಸಿ ಎರಡು ಚಪ್ಪಾಳೆ ತಟ್ಟಿ ಪಾಟಿಯನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ಇಷ್ಟೇ ಇತ್ತು: 'ಸಾಲಿ ಸಾಕು. ಅಗ್ಗಣಿ ಯಾರು ತರಬೇಕು.'

ಆ ಕೊಡದ ಸಲುವಾಗಿ. ನನ್ನ ವಯಸ್ಸು, ಬಸ್ಸಿನಲ್ಲಿ ಹೋಗಿಬರುವುದು, ಮದುವೆ, ಬೇರೆ ಅಪ್ಪಂದಿರು ಹೇಳುವ ಯಾವ ಕಾರಣವೂ ಅವನಿಗೆ ಇರಲಿಲ್ಲ. ಅವನ ಪೂಜೆಯ ಒಂದು ಕೊಡ ನೀರು ನಾನು ತರಬೇಕು, ಅಷ್ಟೇ. ನಾನು ಪಾಟಿಯನ್ನು ಎದೆಗೆ ಹತ್ತಿರ ಹಿಡಿದುಕೊಂಡು ಮಾಸ್ತರ ಕಡೆ ತಿರುಗಿದೆ. ಮುಂದೆ ಆಡಿದ್ದನ್ನು ನಾನು ಯೋಚಿಸಿ ಆಡಲಿಲ್ಲ. ಓದುವವರು ಓದುವ ದನಿಯಲ್ಲೇ ಓದಿದೆ.

"ಹುಡುಗಿ ಸಾಲಿಗೆ ಹೋಗಲಿ. ಇನ್ನು ಮುಂದೆ ಅಗ್ಗಣಿ ನಾನೇ ತರುತ್ತೇನೆ."

ಓದಿದ ಕೂಡಲೇ ಲಂಗದ ಅಂಚಿನಿಂದ ಪಾಟಿ ಒರೆಸಿಬಿಟ್ಟೆ. ಹಿಂದೆ ತಿರುಗಿ ನೋಡುವ ಧೈರ್ಯ ಇರಲಿಲ್ಲ, ಆದರೂ ನೋಡಿದೆ. ಅಪ್ಪನ ಕಿವಿ ಕೆಂಪಾಗಿದ್ದವು. ಬಾಯಿ ತೆರೆದಿತ್ತು. ಗಂಟಲಿನಲ್ಲಿ ದನಿ ಹುಟ್ಟುವುದು ನನಗೆ ಕಾಣಿಸುತ್ತಿತ್ತು, ಮೇಲೆ ಬಂದಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಯಿ ಕಂಬ ಹಿಡಿದುಕೊಂಡು ಎದ್ದಳು.

"ಯಪ್ಪಾ, ಬ್ಯಾಡೋ. ಮಗಳ ಮ್ಯಾಲಿನ ಮಾಯಾದಾಗ ಮಾತಾಡಿ ನೇಮ ಮುರಕೋಬ್ಯಾಡ. ಬರದು ಹೇಳಿಯಲ್ಲ, ಸಾಕು."

ಮುದುಕಿ ಮಗ ಸಂತೋಷಕ್ಕೆ ಬಾಯಿ ಬಿಟ್ಟನೆಂದು ತಿಳಿದಿದ್ದಳು. ಅಪ್ಪನ ಬಾಯಿ ಮುಚ್ಚಿತು. ಅವನು ಮೂರು ಚಪ್ಪಾಳೆ ತಟ್ಟಿದ. ಅಲ್ಲಿ ಗದ್ದಲವೇ ಇರಲಿಲ್ಲ, ಹಾಗಾಗಿ ಯಾರಿಗೂ ಅದರ ಅರ್ಥ ಹತ್ತಲಿಲ್ಲ. ಪಾಟಿಗಾಗಿ ಕೈ ಚಾಚಿದ. ಅಷ್ಟರಲ್ಲಿ ಮಾಸ್ತರು ಅರ್ಜಿ ಬಿಡಿಸಿ, ಒಂದು ಸಹಿ ಬೇಕಾಗಿತ್ತು ಎನ್ನುತ್ತ ಕೋಣೆಯ ಕಡೆ ಏಳತೊಡಗಿದರು. ಅವ್ವ ನಡುವೆ ಬಂದು ನಿಂತಳು.

"ಅವರು ಆಸನದ ಮ್ಯಾಲ ಅದಾರ್ರಿ. ಹೊರಗಿನ ಕಾಗದ ಮುಟ್ಟೂದಿಲ್ಲ ಅಂತ ನೇಮ ಐತಿ. ಎಲ್ಲಿ ಒತ್ತಬೇಕು ಹೇಳ್ರಿ, ನಾ ಹೆಬ್ಬಟ್ಟ ಒತ್ತತೀನಿ."

"ನೀವು ಒತ್ತಿದ್ರೂ ನಡೀತೈತಿ ಅಕ್ಕಾರ."

ಮಾಸ್ತರು ಪೆನ್ನಿನ ಮಸಿಯನ್ನು ಅವಳ ಹೆಬ್ಬೆರಳಿಗೆ ಹಚ್ಚಿದರು. ಅವ್ವ ಒತ್ತಿದಳು. ಆಮೇಲೆ ನನ್ನ ಕೈಯಿಂದ ಪಾಟಿ ತೆಗೆದುಕೊಂಡು, ಹೊರಗಿನವರು ಬಂದಿದ್ದಾರೆ, ತೊಳೆದು ತರುತ್ತೇನೆ ಎಂದು ಬಚ್ಚಲಿಗೆ ಹೋದಳು. ಕಲ್ಲಿನ ಮೇಲೆ ಏನೋ ಬಿದ್ದು ಒಡೆದ ಸಪ್ಪಳವಾಯಿತು. ಕೈ ಜಾರಿತು ಎಂದು ಅಲ್ಲಿಂದಲೇ ಹೇಳಿದಳು. ಹೊಸ ಪಾಟಿ ತರಲು ಸಂತೆಯ ದಿನ ಬರಬೇಕಿತ್ತು, ಆ ಸಂತೆಗೂ ಮುಂದಿನ ಸಂತೆಗೂ ಅವ್ವನಿಗೆ ಅದು ನೆನಪಾಗಲಿಲ್ಲ. ಮಾಸ್ತರು ಹೋದ ಮೇಲೆ ನಾನು ಒಲೆಯ ಮುಂದೆ ಅವಳ ಪಕ್ಕ ಕೂತೆ. ಅವಳು ಕಟ್ಟಿಗೆ ಮುಂದೆ ನೂಕಿ ಸಣ್ಣ ದನಿಯಲ್ಲಿ ಮಾತಾಡಿದಳು.

"ಅಷ್ಟು ಉದ್ದ ಅವರು ಬರಿಯೂದಿಲ್ಲ ಬೇ. ಮುಂದಿನ ಸಲ ಸಣ್ಣದಾಗಿ ಓದು."

ಅಪ್ಪ ಸುಮ್ಮನೆ ಬಿಡಲಿಲ್ಲ. ಸಂಜೆ ನಾನು ಕೋಣೆಗೆ ದೀಪದ ಎಣ್ಣೆ ಕೊಡಲು ಹೋದಾಗ, ವಿಭೂತಿಯನ್ನು ಪುಡಿ ಮಾಡಿ ಸಿಮೆಂಟು ನೆಲದ ಮೇಲೆ ಹರಡಿ, ಬೆರಳಿನಿಂದ ಒಂದೇ ಶಬ್ದ ಬರೆದು ನನಗೆ ತೋರಿಸಿದ. 'ಸುಳ್ಳು' ಎಂದಿತ್ತು. ಬೆರಳಿನಿಂದ ಆ ಶಬ್ದವನ್ನು ಕುಟ್ಟಿ ಕುಟ್ಟಿ ಆಯಿಯ ಕಡೆ ಕೈ ಮಾಡಿದ, ಓದಿ ಹೇಳು ಎಂದು. ಆಯಿ ಹೊಸ್ತಿಲಿಗೆ ಬಂದು ಬಗ್ಗಿ ನೋಡಿದಳು.

"ಏನ್ ಬರದಾನ ಬೇ ನನ್ನ ಮಗ?"

"ಶಿವ ಅಂತ ಬರದಾರ ಆಯಿ."

ಆಯಿ ಕಣ್ಣಲ್ಲಿ ನೀರು ತಂದುಕೊಂಡು, ಆ ಅಕ್ಷರಗಳನ್ನು ಮೂರು ಬೆರಳಿನಿಂದ ಒರೆಸಿ ಹಣೆಗೆ ಹಚ್ಚಿಕೊಂಡಳು. ನನ್ನ ಹಣೆಗೂ ಹಚ್ಚಿದಳು. ಅಪ್ಪ ನನ್ನನ್ನು ನೋಡುತ್ತಿದ್ದ, ನಾನೂ ಅವನನ್ನು ನೋಡಿದೆ. ಅವನಿಗೆ ಒಂದೇ ಒಂದು ಶಬ್ದ ಆಡಿದರೆ ಸಾಕಿತ್ತು. ಮನೆಯಲ್ಲಿ ಆಯಿ ಅವ್ವ ಇಬ್ಬರೇ ಇದ್ದರು, ಹೊರಗಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಡಲಿಲ್ಲ. ನನ್ನನ್ನು ತಡೆಯುವುದಕ್ಕಾದರೂ ಅವನು ಆ ನೇಮ ಮುರಿದಾನು ಎಂದುಕೊಂಡಿದ್ದೆ. ಅಷ್ಟು ಬೆಲೆಯೂ ನನಗಿಲ್ಲ ಎಂದು ತಿಳಿದು ನನಗೆ ಆದದ್ದು ಅವಮಾನವೇ. ಗೆದ್ದಿದ್ದೆ, ಆದರೂ ಅವಮಾನವಾಗಿತ್ತು.

ಮರುದಿನ ಬೆಳಗಾಗುವ ಮೊದಲೇ ಅವ್ವ ತಿಕ್ಕಿ ಬೆಳಗಿದ ಕೊಡವನ್ನು ಕೋಣೆಯ ಬಾಗಿಲಲ್ಲಿ ಇಟ್ಟಳು.

"ನಾನಽ ತರ್ತೀನಿ ಅಂತ ಬರದೀರಲ್ರಿ. ಹೊತ್ತಾಗತೈತಿ."

ಆಯಿ ಎದುರಿಗೇ ನಿಂತಿದ್ದಳು. ಅಪ್ಪ ಬಹಳ ಹೊತ್ತು ಕೊಡವನ್ನೇ ನೋಡಿದ. ಆಮೇಲೆ ಹೆಗಲಿಗೇರಿಸಿ ಹೊರಟ. ನಾನು ಮಾಳಿಗೆಯ ಮೇಲೆ ಹತ್ತಿ ನಿಂತು, ಅವನು ಕೆಸರಿನಲ್ಲಿ ಕಾಲು ಜಾರಿಸುತ್ತ ಕೆರೆಯ ದಾರಿ ಹಿಡಿದದ್ದನ್ನು ಹೊಟ್ಟೆ ತಣ್ಣಗಾಗುವಷ್ಟು ನೋಡಿದೆ. ಆದರೆ ನನ್ನ ಸಂತೋಷ ಅವನು ತಿರುಗಿ ಬರುವವರೆಗೂ ಉಳಿಯಲಿಲ್ಲ. ದಾರಿಯ ಮನೆಗಳ ಹೆಂಗಸರು ಕಸ ಗುಡಿಸುವುದು ಬಿಟ್ಟು ಸೆರಗು ಹೊದ್ದು ನಿಂತರು. ಒಬ್ಬಾತ ತಲೆಯ ರುಮಾಲು ತೆಗೆದ. ಎರಡು ದಿನದಲ್ಲಿ ಊರ ತುಂಬ ಅದೇ ಮಾತು. ಶರಣರು ತಮ್ಮ ಅಗ್ಗಣಿ ತಾವೇ ಹೊರುತ್ತಾರೆ, ಹೆಣ್ಣು ಮಗಳ ಓದು ಕೆಡಬಾರದೆಂದು ಮೌನದಲ್ಲೂ ಬರೆದು ಹೇಳಿದರು. ಮಾಸ್ತರು ಅಂಗಡಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಇದನ್ನು ಹೇಳಿದ್ದರು. ಮೂರನೆಯ ದಿನ ಅಪ್ಪ ಕೊಡ ಹೊತ್ತು ಹೋಗುವಾಗ ಬೆನ್ನು ನೆಟ್ಟಗಾಗಿತ್ತು. ವಾರ ಕಳೆಯುವಷ್ಟರಲ್ಲಿ ಹತ್ತಿರದ ಕಾಲುದಾರಿ ಬಿಟ್ಟು, ಊರ ಅಗಸೆಬಾಗಿಲ ಮುಂದಿನಿಂದ ಸುತ್ತಿಕೊಂಡು ಬರತೊಡಗಿದ್ದ. ಮಠದ ವಸ್ತುವಿಗೆ ನೇಮ ಅಡ್ಡ ಬರುವುದಿಲ್ಲವೆಂದು ಅಲ್ಲಿಂದ ಹೊಸ ಪಾಟಿಯೊಂದು ಬಂದಿತ್ತು, ಅದರ ಮೇಲೆ ಅವನು ಶಾಲೆಯ ವಿಷಯ ಒಂದು ಅಕ್ಷರವನ್ನೂ ಬರೆಯಲಿಲ್ಲ.

ಅವನು ತರುತ್ತಿದ್ದದ್ದು ತನ್ನ ಆ ಒಂದೇ ಕೊಡ. ಮನೆಯ ಎಂಟು ಕೊಡಗಳಲ್ಲಿ ನನ್ನ ಪಾಲಿನ ನಾಲ್ಕು ಅವ್ವನ ತಲೆಯ ಮೇಲೆ ಬಂದವು. ನಾನು ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಬರುವಷ್ಟರಲ್ಲಿ ಅವಳು ಹೊಲ, ದನ, ನೀರು, ತಮ್ಮ ಎಲ್ಲ ಮುಗಿಸಿ ಒಲೆಯ ಮುಂದೆ ಕೂತಿರುತ್ತಿದ್ದಳು. ಅವ್ವನ ಎಂಟು ಕೊಡಗಳಿಗೆ ಯಾರೂ ರುಮಾಲು ತೆಗೆದದ್ದನ್ನು ನಾನು ಕಾಣೆ.

ನಾಗರ ಅಮಾವಾಸ್ಯೆಯ ದಿನ ಮೌನ ಮುಗಿಯಿತು. ಮೌನ ಬಿಟ್ಟವರು ಆಡುವ ಮೊದಲ ಮಾತು ಕೇಳಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ. ಮನೆ ತುಂಬ ಜನ ಸೇರಿದ್ದರು, ಮಠದ ಅಜ್ಜಾರೂ ಬಂದಿದ್ದರು. ಅವ್ವ ಹಿಂದಿನ ದಿನದಿಂದ ಅಡುಗೆಗೆ ನಿಂತಿದ್ದಳು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಬುಟ್ಟಿಗಟ್ಟಲೆ ರೊಟ್ಟಿ. ನಾನು ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದೆ. ಶಾಲೆಗೆ ಹೋಗತೊಡಗಿ ಒಂದು ತಿಂಗಳಾಗಿತ್ತು. ಅವನ ಮೊದಲ ಮಾತು ನನ್ನ ಸುಳ್ಳಿನದೇ ಆಗಿದ್ದರೆ, ಇಷ್ಟು ಜನರ ಮುಂದೆ, ಅಜ್ಜಾರ ಮುಂದೆ, ನನ್ನ ಶಾಲೆ ಅವತ್ತಿಗೇ ಮುಗಿದಂತೆ. ಅಜ್ಜಾರು ಮೊದಲು ನಾಲ್ಕು ಮಾತು ಹೇಳಿದರು.

"ಸಂಸಾರ ಬಿಟ್ಟು ಕಾಡಿಗೆ ಹೋದವರು ಭಾಳ ಮಂದಿ ಅದಾರ. ಸಂಸಾರದಾಗ ಕುಂತು ಸಾಧನಾ ಮಾಡೂದು ಹಗುರ ಅಲ್ಲ. ಮೌನದಾಗ ಕುಂತ್ರೂ ನಮ್ಮ ಶರಣರಿಗೆ ಮಗಳ ಸಾಲಿ ನೆನಪಿತ್ತು. ಅಕಿ ಹೊರೂ ಕೊಡ ತಾವು ಹೊತ್ರು. ಭಕ್ತ ಅಂದ್ರ ಹಿಂಗಿರಬೇಕು, ಅಪ್ಪ ಅಂದ್ರೂ ಹಿಂಗಿರಬೇಕು."

ಜನ ತಲೆದೂಗಿದರು. ಎಲ್ಲರೂ ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಅಪ್ಪ ಒಮ್ಮೆ ನನ್ನ ಕಡೆ ಕಣ್ಣೆತ್ತಿದ. ಆ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವನು ಎರಡೂ ಕೈ ಜೋಡಿಸಿದ.

"ಎಲ್ಲಾ ಗುರುವಿನ ಇಚ್ಛಾ ರೀ ಬುದ್ಧಿ. ನನ್ನದೇನೈತಿ."

ನಾನು ಬಚಾವಾಗಿದ್ದೆ. ಇನ್ನು ಅವನು ನನ್ನನ್ನು ಶಾಲೆ ಬಿಡಿಸುವಂತಿರಲಿಲ್ಲ, ಊರೆಲ್ಲ ಕೇಳಿಸಿಕೊಂಡಿತ್ತು. ಆದರೂ ನನಗೆ ಬಂದದ್ದು ಸಿಟ್ಟಿನ ಅಳು. ನನ್ನ ಸುಳ್ಳನ್ನು ಎತ್ತಿಕೊಂಡು ತನ್ನ ಪುಣ್ಯದ ಗಂಟಿಗೆ ಕಟ್ಟಿಕೊಂಡಿದ್ದ. ಒಳಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅನ್ಲಿ ಬಿಡು. ಅವರಿಗೆ ಹೆಸರ ಬೇಕಾಗಿತ್ತು, ನಿನಗ ಸಾಲಿ ಬೇಕಾಗಿತ್ತು. ಇಬ್ಬರಿಗೂ ಸಿಕ್ತು."

"ನಿನಗೇನ ಬೇಕಾಗಿತ್ತವ್ವಾ?"

"ಆ ಹಿಟ್ಟಿನ ಬುಟ್ಟಿ ಈ ಕಡೆ ಸರಸು. ಹೊರಗ ಪಂಕ್ತಿ ಕುಂತೈತಿ."

ಇಲ್ಲಿಗೆ ಮುಗಿಸಿದರೆ ಈ ಅಧ್ಯಾಯ ಅಪ್ಪನ ಮೇಲಿನ ದೂರಾಗಿ ಉಳಿಯುತ್ತದೆ. ನನಗೂ ಅದೇ ಅನುಕೂಲ. ಆದರೆ ಅವತ್ತಿನ ಸಂಜೆಯನ್ನು ಬಿಟ್ಟರೆ ನಾನು ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ಜನ ಉಂಡು ಹೋದರು. ಹಿತ್ತಲಲ್ಲಿ ಎಂಜಲು ಪಾತ್ರೆ, ಹುಗ್ಗಿಯ ತಳ ಹತ್ತಿದ ಹಂಡೆ, ಪರಾತ ರಾಶಿ ಬಿದ್ದಿದ್ದವು. ಎರಡು ದಿನ ನಿಂತು ನಿಂತು ಅವ್ವನ ಕಾಲು ಬಾತಿದ್ದವು. ಅವಳು ಸೆರಗು ಸಿಕ್ಕಿಸಿಕೊಂಡು ನಾನು ಕೂತಿದ್ದ ಮೂಲೆಗೆ ಬಂದಳು.

"ನೀಲಾ, ಆ ಹಂಡೆ ಒಂದ ಹಿಡಿ ಬಾ ಬೇ. ನನಗೊಬ್ಬಾಕಿಗೆ ಎತ್ತಾಕ ಆಗೂದಿಲ್ಲ."

ನನ್ನ ತೊಡೆಯ ಮೇಲೆ ಹೈಸ್ಕೂಲಿನ ಪುಸ್ತಕ ತೆರೆದಿತ್ತು. ಮರುದಿನ ರಜೆ, ಬರೆಯುವುದು ಏನೂ ಇರಲಿಲ್ಲ. ನಾನು ತಲೆ ಎತ್ತಲಿಲ್ಲ.

"ನಂದು ಅಭ್ಯಾಸ ಐತಿ."

ಅವ್ವ ಬುಡ್ಡಿ ದೀಪವನ್ನು ನನ್ನ ಹತ್ತಿರ ಸರಿಸಿಟ್ಟು, ಹಿತ್ತಲಿಗೆ ಒಬ್ಬಳೇ ಹೋದಳು. ಹಂಡೆಯನ್ನು ನೆಲದ ಮೇಲೆ ಎಳೆಯುವ ಸಪ್ಪಳ ಕೇಳುತ್ತಿತ್ತು. ನಾನು ಪುಟ ತಿರುವಿದೆ.